ಕೆಂಗೇರಿಯ ರೇಷ್ಮೆ ಕಾರ್ಖಾನೆಯೂ ಅನುವಂಶೀಯತೆಯ ವಿಚಾರವೂ

೧

“ನೂಲಿನಂತೆ ಸೀರೆ, ತಾಯಿಯಂತೆ ಮಗಳು” ಎಂಬ ಗಾದೆಯು ಕನ್ನಡನಾಡಿನಲ್ಲೆಲ್ಲ ಬಳಕೆಯಲ್ಲಿರುವುದಷ್ಟೆ. ನೂಲನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡ ರೇಷ್ಮೆ ಸಾಕಣೆಗಾರರ ಮಟ್ಟಿಗೆ ಇದು ಬರಿಯ ಲೋಕೋಕ್ತಿಯಲ್ಲ, ಲಾಭನಷ್ಟದ ಮಾತು. ತಾಯಿಚಿಟ್ಟೆ ಇಟ್ಟ ಮೊಟ್ಟೆಯಿಂದ ಎಂತಹ ಹುಳು ಹೊರಬೀಳುವುದೆಂಬುದರ ಮೇಲೆ ಆ ಬೆಳೆಯೂ, ಬೆಳೆಯನ್ನು ನಂಬಿ ಮಾಡಿದ ಸಾಲವೂ ನಿಂತಿರುತ್ತವೆ. ಆದರೆ ತಾಯಿಯಿಂದ ಸಂತಾನಕ್ಕೆ ಬರುವುದೆಲ್ಲವೂ ಒಂದೇ ಬಗೆಯದಲ್ಲ. ರೋಗವು ಬರುವ ದಾರಿಯೊಂದು, ತಾಯಿಯು ಬೆಳೆದ ಹವೆಯ ಗುರುತು ಬರುವ ದಾರಿ ಇನ್ನೊಂದು, ಕುಲದ ಗುಣವು ಬರುವ ದಾರಿ ಮತ್ತೊಂದು. ಈ ಮೂರನ್ನೂ ಬೇರ್ಪಡಿಸಿ ನೋಡುವ ವಿದ್ಯೆ ಇನ್ನೂ ಹುಟ್ಟುತ್ತಿದ್ದ ಕಾಲದಲ್ಲಿ, ಬೆಂಗಳೂರಿನ ಪಶ್ಚಿಮದ ಕೆಂಗೇರಿಯಲ್ಲಿ ರೇಷ್ಮೆಯ ಉದ್ಯಮವನ್ನು ಉದ್ಧರಿಸುವ ಪ್ರಯತ್ನವೊಂದು ನಡೆದು ನಿಂತುಹೋಯಿತು. ಆ ಪ್ರಯತ್ನದ ಹಿನ್ನೆಲೆಯನ್ನೂ, ಅದರ ತರುವಾಯ ಈ ಮೂರು ದಾರಿಗಳು ಒಂದೊಂದಾಗಿ ಬೆಳಕಿಗೆ ಬಂದ ಬಗೆಯನ್ನೂ, ಏಕಾಣುಜೀವಿಗಳಲ್ಲಿ ಕಂಡುಬಂದ ನಾಲ್ಕನೆಯ ದಾರಿಯೊಂದನ್ನೂ ಇಲ್ಲಿ ನಿರೂಪಿಸಲಾಗುವುದು.

೨

ಮೈಸೂರು ಸೀಮೆಯಲ್ಲಿ ರೇಷ್ಮೆಹುಳುವಿನ ಸಾಕಣೆಯು ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ನೆಲೆಗೊಂಡಿತು. ಆತನ ಪತ್ರಗಳಲ್ಲಿ ಕೆಲವನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ ಎಂಬ ಆಂಗ್ಲ ಅಧಿಕಾರಿಯು ಭಾಷಾಂತರಿಸಿ ೧೮೧೧ರಲ್ಲಿ ಪ್ರಕಟಿಸಿದನು. ಅವುಗಳಲ್ಲಿ ೧೭೮೬ನೆಯ ಇಸವಿಯ ಪತ್ರವೊಂದರಿಂದ, ರೇಷ್ಮೆಹುಳುಗಳನ್ನು ತರಲು ಬಂಗಾಳಕ್ಕೆ ಹೋಗಿದ್ದವರು ಹಿಂದಿರುಗುತ್ತಿದ್ದರೆಂದೂ, ಹುಳುಗಳನ್ನು ಇಡುವುದಕ್ಕೆ ತಕ್ಕ ಸ್ಥಳವನ್ನು ಗೊತ್ತುಮಾಡುವಂತೆ ಶ್ರೀರಂಗಪಟ್ಟಣದ ಅಧಿಕಾರಿಗೆ ಆಜ್ಞೆಯಾಗಿತ್ತೆಂದೂ ತಿಳಿಯಬರುತ್ತದೆ. ಆ ರಾಜ್ಯವು ೧೭೯೯ರಲ್ಲಿ ಅಳಿದರೂ ಹುಳುವು ಅಳಿಯಲಿಲ್ಲ. ಮುಂದಿನ ಶತಮಾನದಲ್ಲಿ ಚನ್ನಪಟ್ಟಣ, ಈಗ ರಾಮನಗರವೆನಿಸಿರುವ ಕ್ಲೋಸ್‌ಪೇಟೆ, ಮಾಗಡಿ, ಕುಣಿಗಲು, ಕನಕಪುರಗಳ ಸುತ್ತಿನ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟಗಳು ಹಬ್ಬಿದವು.

ಈ ನಾಡಿನಲ್ಲಿ ಬೇರೂರಿದ ಹುಳುವಿಗೆ ಮೈಸೂರು ತಳಿಯೆಂದು ಹೆಸರು. ಅದರ ಗೂಡು ಚಿಕ್ಕದು, ತುದಿ ಚೂಪು, ಬಣ್ಣ ಹಸುರು ಬೆರೆತ ಹಳದಿ. ಒಂದು ಗೂಡಿನಿಂದ ಬಿಚ್ಚುವ ಎಳೆಯು ಸುಮಾರು ೪೦೦ ಮೀಟರನ್ನು ಮೀರುವುದು ಅಪರೂಪ. ಸಮಶೀತೋಷ್ಣ ದೇಶಗಳ ಉತ್ತಮ ತಳಿಗಳ ಎಳೆಯು ಇಂದು ಸುಮಾರು ೧೦೦೦ ಮೀಟರಿನವರೆಗೂ ಬರುತ್ತದೆ. ಆದರೆ ಮೈಸೂರು ಹುಳುವು ವರ್ಷಕ್ಕೆ ಐದಾರು ಪೀಳಿಗೆ ಬೆಳೆಯುವುದು. ಬಿಸಿಲನ್ನೂ, ಒರಟು ಸೊಪ್ಪನ್ನೂ, ಹುಲ್ಲುಮಾಡಿನ ಮನೆಯನ್ನೂ ಸಹಿಸಿಕೊಳ್ಳುವುದು. ೧೭೮೬ರಿಂದ ೧೮೬೬ರವರೆಗಿನ ೮೦ ವರ್ಷಗಳಲ್ಲಿ, ವರ್ಷಕ್ಕೆ ಐದರಂತೆ ಎಣಿಸಿದರೂ ೪೦೦ ಪೀಳಿಗೆಗಳು ಕಳೆದುಹೋದುವು. ಪೀಳಿಗೆಗೆ ೨೫ ವರ್ಷದಂತೆ ಮನುಷ್ಯರ ಲೆಕ್ಕಕ್ಕೆ ತಿರುಗಿಸಿದರೆ ಅದು ೧೦,೦೦೦ ವರ್ಷಗಳ ವಂಶಾವಳಿಯಾಗುವುದು. ಅಷ್ಟು ಪೀಳಿಗೆಗಳಲ್ಲಿ ಈ ನೆಲದ ಹವೆಯು ಆ ಹುಳುವಿನ ಮೇಲೆ ಏನು ಕೆಲಸ ಮಾಡಿತೆಂಬುದು ಮುಂದೆ ಬರುವ ಪ್ರಶ್ನೆ.

೩

೧೯ನೆಯ ಶತಮಾನದ ಮಧ್ಯಭಾಗದಲ್ಲಿ ಯೂರೋಪಿನ ರೇಷ್ಮೆಯ ಮೇಲೆ ದೊಡ್ಡ ವಿಪತ್ತೆರಗಿತು. ಹುಳುಗಳ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕರಿಯ ಚುಕ್ಕೆಗಳೆದ್ದು, ಮೇವನ್ನು ಬಿಟ್ಟು, ಜ್ವರಗಳ ನಡುವೆ ಒಂದೇ ಸಮನಾಗಿ ಬೆಳೆಯದೆ ಸಾಯುತ್ತಿದ್ದವು. ಈ ರೋಗಕ್ಕೆ ಫ್ರಾನ್ಸಿನಲ್ಲಿ ಪೆಬ್ರಿನ್ ಎಂಬ ಹೆಸರಾಯಿತು. ಕನ್ನಡದ ಸಾಕಣೆಗಾರರು ಇದನ್ನು ಗಂಟುರೋಗವೆನ್ನುವರು. ಫ್ರಾನ್ಸಿನಲ್ಲಿ ೧೮೫೩ರಲ್ಲಿ ಸುಮಾರು ೨೬,೦೦೦ ಟನ್ನುಗಳಿದ್ದ ಗೂಡಿನ ಬೆಳೆಯು ೧೮೬೫ರಲ್ಲಿ ಸುಮಾರು ೪,೦೦೦ ಟನ್ನಿಗೆ ಇಳಿಯಿತು. ಬಿತ್ತನೆಯು ಹಳತಾಗಿ ಕುಲವೇ ಕೆಟ್ಟುಹೋಯಿತೆಂಬ ನಂಬಿಕೆ ಎಲ್ಲೆಡೆ ಹರಡಿತು. ಕುಲವು ಕೆಟ್ಟಿದ್ದರೆ ಹೊಸ ಕುಲವನ್ನು ತರುವುದೇ ಮದ್ದು. ಆದಕಾರಣ ಬಿತ್ತನೆಯ ವ್ಯಾಪಾರಿಗಳು ಒಂದಾದಮೇಲೊಂದು ದೇಶವನ್ನು ಅರಸುತ್ತ ಪೂರ್ವಕ್ಕೆ ಸಾಗಿ, ಕೊನೆಗೆ ರೋಗವು ಮುಟ್ಟದಿದ್ದ ಜಪಾನನ್ನು ಸೇರಿದರು. ರಟ್ಟಿನ ಹಾಳೆಗಳ ಮೇಲೆ ಅಂಟಿದ ಮೊಟ್ಟೆಗಳು ಹಡಗುಗಳಲ್ಲಿ ಸಾವಿರಾರು ಮೈಲಿ ಪ್ರಯಾಣಮಾಡತೊಡಗಿದುವು.

ಮೈಸೂರು ಸೀಮೆಯಲ್ಲಿಯೂ ಆ ಕಾಲಕ್ಕೆ ಹುಳುಗಳ ಸಾವು ಹೆಚ್ಚಿ ಉದ್ಯಮವು ಇಳಿಮುಖವಾಗಿತ್ತು. ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಡಿ ವೆಕ್ಕಿ ಎಂಬ ಇಟಲಿ ದೇಶದವನು ೧೮೬೬ರ ಸುಮಾರಿನಲ್ಲಿ ಬೆಂಗಳೂರಿನಿಂದ ಮೈಸೂರಿನ ರಸ್ತೆಯಲ್ಲಿ ಸುಮಾರು ೯ ಮೈಲಿ ದೂರದ ಕೆಂಗೇರಿಯಲ್ಲಿ ಹಬೆಯಂತ್ರದಿಂದ ನಡೆಯುವ ನೂಲು ಬಿಚ್ಚುವ ಕಾರ್ಖಾನೆಯನ್ನು ಸ್ಥಾಪಿಸಿದನು. ಸುತ್ತಿನ ಹಳ್ಳಿಗಳಲ್ಲಿ ಕೈ ಚರಕದಿಂದ ನೂಲು ಬಿಚ್ಚುತ್ತಿದ್ದ ಕಾಲದಲ್ಲಿ ಇದೊಂದು ಹೊಸ ವಸ್ತು. ಅವನು ಯಂತ್ರವನ್ನಷ್ಟೆ ನೆಚ್ಚದೆ ಜಪಾನಿನಿಂದ ಬಿತ್ತನೆ ಮೊಟ್ಟೆಯ ಹಾಳೆಗಳನ್ನೂ ತರಿಸಿದನು. ರೈಸ್ ಸಾಹೇಬನ ಮೈಸೂರು ಗೆಜೆಟಿಯರು ಈ ಉದ್ಯಮವನ್ನು ದಾಖಲಿಸಿದೆ. ಆದರೆ ತಂದ ಬಿತ್ತನೆ ಇಲ್ಲಿ ನೆಲೆಯೂರಲಿಲ್ಲ. ಕೆಂಗೇರಿಯ ಕಾರ್ಖಾನೆಯೂ ಬಹುಕಾಲ ಬಾಳಲಿಲ್ಲ. ಹಳ್ಳಿಯವರ ಕೈಯಲ್ಲಿ ಉಳಿದುದು ಹಳೆಯ ಮೈಸೂರು ಹುಳುವೇ.

ಹೊಸ ಕುಲವನ್ನು ತಂದು ರೋಗವನ್ನು ಗೆಲ್ಲಬೇಕೆಂಬ ಯೋಜನೆಯಲ್ಲಿ ಎರಡು ಪ್ರಶ್ನೆಗಳು ಅಡಗಿದ್ದವು. ರೋಗವು ಕುಲಕ್ಕೆ ಅಂಟಿದುದೇ? ಬೇರೆ ಹವೆಯ ಕುಲವು ಈ ಹವೆಯಲ್ಲಿ ತನ್ನ ಸಂತಾನವನ್ನು ಮುಂದುವರಿಸಬಲ್ಲುದೇ? ೧೮೬೬ರಲ್ಲಿ ಇವೆರಡಕ್ಕೂ ಖಚಿತವಾದ ಉತ್ತರವಿರಲಿಲ್ಲ.

೪

ಮೊದಲನೆಯ ಪ್ರಶ್ನೆಗೆ ಉತ್ತರವು ಆ ವರ್ಷಗಳಲ್ಲಿಯೇ ಫ್ರಾನ್ಸಿನ ದಕ್ಷಿಣ ಭಾಗದ ಅಲೇಸ್ ಎಂಬ ಊರಿನಲ್ಲಿ ಸಿದ್ಧವಾಗುತ್ತಿತ್ತು. ಲೂಯಿ ಪಾಶ್ಚರನು ೧೮೬೫ರಲ್ಲಿ ಅಲ್ಲಿಗೆ ಹೋದಾಗ ರೇಷ್ಮೆಹುಳುವಿನ ವಿಚಾರವಾಗಿ ಅವನಿಗೆ ಹೆಚ್ಚೇನೂ ತಿಳಿದಿರಲಿಲ್ಲ. ರೋಗದ ಹುಳುಗಳ ಮೈಯಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಅಂಡಾಕಾರದ ಹೊಳೆಯುವ ಕಣಗಳನ್ನು ಇಟಲಿಯ ಪಂಡಿತರು ಅವನಿಗಿಂತ ಮುಂಚೆಯೇ ಕಂಡಿದ್ದರು. ಸ್ವಿಟ್ಸರ್ಲೆಂಡಿನ ನೇಗೆಲಿಯು ೧೮೫೭ರಲ್ಲಿ ಅವಕ್ಕೆ ನೊಸೀಮ ಎಂಬ ಹೆಸರನ್ನಿಟ್ಟಿದ್ದನು. ಪಾಶ್ಚರನು ಮೊದಲು ಇವುಗಳನ್ನು ರೋಗದ ಕಾರಣವೆಂದು ಒಪ್ಪದೆ ರೋಗದ ಫಲವೆಂದು ಎಣಿಸಿದನು. ಪರೀಕ್ಷೆಗಳು ಮುಂದುವರಿದಂತೆ ಅಭಿಪ್ರಾಯವನ್ನು ತಿದ್ದಿಕೊಂಡನು. ಕಣವು ಬೇರೊಂದು ಜೀವಿ. ಶಿಲೀಂಧ್ರಗಳಿಗೆ ಹತ್ತಿರದ ಸಂಬಂಧಿಯೆಂದು ಈಗ ಗೊತ್ತಾಗಿದೆ. ಅದು ಸೋಂಕಿದ ಸೊಪ್ಪಿನಿಂದಲೂ ಹಿಕ್ಕೆಯಿಂದಲೂ ಹುಳುವಿನಿಂದ ಹುಳುವಿಗೆ ಹರಡುವುದಲ್ಲದೆ, ತಾಯಿಚಿಟ್ಟೆಯ ಗರ್ಭದಲ್ಲಿಯೇ ಮೊಟ್ಟೆಯೊಳಕ್ಕೆ ಸೇರಿಕೊಳ್ಳುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೊಟ್ಟೆಯಲ್ಲಿಯೇ ಸೋಂಕಿದ ಹುಳು ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲಿಯೇ ಸಾಯುವುದು. ಬೆಳೆದ ಮೇಲೆ ಸೋಂಕಿದುದು ಗೂಡು ಕಟ್ಟಿ, ಚಿಟ್ಟೆಯಾಗಿ, ಮೊಟ್ಟೆಯನ್ನೂ ಇಡುವುದು. ಹೊರನೋಟಕ್ಕೆ ಒಳ್ಳೆಯ ಗೂಡು. ಒಳಗೆ ಮುಂದಿನ ಬೆಳೆಯ ಸಾವು. ಗೂಡಿನ ಚೆಲುವನ್ನು ನೋಡಿ ಬಿತ್ತನೆಯನ್ನು ಆರಿಸಿದವರು ಮೋಸಹೋದುದು ಹೀಗೆ. ಬೆಳೆಯಿಂದ ಬೆಳೆಗೆ ರೋಗವು ತಪ್ಪದೆ ಬರುತ್ತಿದ್ದುದರಿಂದ ಅದು ಕುಲದ ದೋಷವೆಂದು ತೋರಿದುದೂ ಸಹಜವೇ. ಆದರೆ ತಾಯಿಯೊಡನೆ ಬಂದ ಅತಿಥಿಯನ್ನು ತಾಯಿಯ ಗುಣವೆನ್ನಲಾಗದು. ತಂದೆಚಿಟ್ಟೆಗೆ ರೋಗವಿದ್ದರೂ ಅದು ಮೊಟ್ಟೆಗೆ ಇಳಿಯದು. ಕುಲದ ಗುಣವಾದರೋ ಇಬ್ಬರಿಂದಲೂ ಬರುವುದು.

ಪಾಶ್ಚರನು ಕಂಡ ಉಪಾಯವು ಸರಳವಾದುದು. ಪ್ರತಿಯೊಂದು ತಾಯಿಚಿಟ್ಟೆಯೂ ಬೇರೆಬೇರೆಯಾಗಿ ಮೊಟ್ಟೆಯಿಡಬೇಕು. ಆ ಬಳಿಕ ಚಿಟ್ಟೆಯನ್ನು ಅರೆದು ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಣವು ಕಂಡರೆ ಅದರ ಮೊಟ್ಟೆಗಳನ್ನು ಸುಡಬೇಕು, ಕಾಣದಿದ್ದರೆ ಸಾಕಬೇಕು. ೧೮೭೦ರಲ್ಲಿ ಅವನ ಗ್ರಂಥವು ಪ್ರಕಟವಾಯಿತು. ಹೊಸ ಕುಲವನ್ನು ಅರಸಬೇಕಾಗಿಯೇ ಇರಲಿಲ್ಲ; ಹಳೆಯ ಕುಲದಲ್ಲಿ ಆರೋಗ್ಯವಂತ ತಾಯಿಯನ್ನು ಗುರುತಿಸಿದರೆ ಸಾಕಾಗಿತ್ತು.

೫

ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಜಪಾನಿನ ಉತ್ತಮ ತಳಿಗಳು ವರ್ಷಕ್ಕೆ ಒಂದು ಅಥವಾ ಎರಡು ಪೀಳಿಗೆ ಮಾತ್ರ ಬೆಳೆಯತಕ್ಕವು. ಅವುಗಳ ಮೊಟ್ಟೆಯು ಇಟ್ಟ ಕೆಲವು ದಿನಗಳಲ್ಲಿಯೇ ಬೆಳವಣಿಗೆಯನ್ನು ನಿಲ್ಲಿಸಿ ನಿದ್ದೆಹೋಗುವುದು; ಸುಮಾರು ೫ ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಎರಡು ಮೂರು ತಿಂಗಳು ಕಳೆದ ಹೊರತು ಎಚ್ಚರವಾಗಿ ಸಮನಾಗಿ ಒಡೆಯದು. ಜಪಾನಿನಲ್ಲಿ ಆ ಚಳಿಯನ್ನು ಹೇಮಂತವೇ ಕೊಡುತ್ತದೆ. ಕೆಂಗೇರಿಯ ಹೇಮಂತವು ಕೊಡಲಾರದು. ಹಾಗೆ ಪರದೇಶದ ಹುಳುವು ಇಲ್ಲಿ ಒಂದು ಸಲ ಚೆನ್ನಾಗಿ ಬೆಳೆದರೂ ಅದರ ಮೊಟ್ಟೆಯಿಂದ ಎರಡನೆಯ ಬೆಳೆಯನ್ನು ತೆಗೆಯುವುದು ಕಷ್ಟ. ಮೈಸೂರು ತಳಿಯ ಮೊಟ್ಟೆಗೆ ಈ ನಿದ್ದೆಯಿಲ್ಲ. ಹತ್ತು ದಿನಗಳ ಸುಮಾರಿಗೆ ಒಡೆದು ಮರಿಯಾಗುವುದು.

ಮೊಟ್ಟೆಯು ನಿದ್ದೆಹೋಗಬೇಕೇ ಬೇಡವೇ ಎಂಬುದನ್ನು ಗೊತ್ತುಮಾಡುವವಳು ತಾಯಿ. ಜಪಾನಿನ ತೊಯಾಮಾ ಕಮೆತಾರೊ ಎಂಬ ಪಂಡಿತನು ೨೦ನೆಯ ಶತಮಾನದ ಆರಂಭದಲ್ಲಿ ಇದನ್ನು ತೋರಿಸಿದನು. ತರುವಾಯ ಕಂಡುಬಂದುದು ಇನ್ನೂ ವಿಚಿತ್ರವಾದುದು. ವರ್ಷಕ್ಕೆ ಎರಡು ಪೀಳಿಗೆಯ ತಳಿಗಳಲ್ಲಿ ತಾಯಿಯು ತಾನೇ ಮೊಟ್ಟೆಯೊಳಗಿದ್ದಾಗ ಬೆಚ್ಚಗಿನ ಹವೆಯನ್ನೂ ಬೆಳಕನ್ನೂ ಕಂಡಿದ್ದರೆ ನಿದ್ದೆಯ ಮೊಟ್ಟೆಗಳನ್ನಿಡುವಳು. ತಂಪಿನಲ್ಲಿ ಕತ್ತಲೆಯಲ್ಲಿ ಇದ್ದಿದ್ದರೆ ಎಚ್ಚರದ ಮೊಟ್ಟೆಗಳನ್ನಿಡುವಳು. ತಾಯಿಯ ಗಂಟಲಿನ ಕೆಳಗಿನ ನರಗ್ರಂಥಿಯಿಂದ ಸ್ರವಿಸುವ ರಸವೊಂದು ಈ ಸಂದೇಶವನ್ನು ಮೊಟ್ಟೆಗೆ ಮುಟ್ಟಿಸುತ್ತದೆಂದು ಫುಕುದಾ ಮತ್ತು ಹಸೆಗಾವ ಎಂಬ ಜಪಾನೀ ಪಂಡಿತರು ೧೯೫೧ರಲ್ಲಿ ಪ್ರಕಟಿಸಿದರು. ತಾಯಿಯ ಅನುಭವವು ಸಂತಾನಕ್ಕೆ ಮುಟ್ಟುವುದು ಇಲ್ಲಿ ನಿಜ. ಆದರೆ ಅದು ಒಂದು ಪೀಳಿಗೆಯ ಮಾತು. ಮುಂದಿನ ತಾಯಿಯು ಬೇರೆ ಹವೆಯನ್ನು ಕಂಡರೆ ಸಂದೇಶವೂ ಬದಲಾಗುವುದು. ಕುಲದ ಬರಹದಲ್ಲಿ ಅದರಿಂದ ಒಂದಕ್ಷರವೂ ಕದಲದು.

೬

ಇನ್ನು ಮೂರನೆಯ ದಾರಿ. ೧೯ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮಶೇಟಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ಪರಿಣತರ ನೆರವಿನಿಂದ ಒಂದು ರೇಷ್ಮೆ ಕ್ಷೇತ್ರವನ್ನು ತೆರೆದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಈಗಲೂ ಉಳಿದಿದೆ. ೧೯೧೦ರ ದಶಕದಲ್ಲಿ ಮೈಸೂರು ಸರ್ಕಾರವು ಮಾರಿ ಎಂಬ ಇಟಲಿಯ ಪರಿಣತನನ್ನು ಕರೆಸಿಕೊಂಡು ಚನ್ನಪಟ್ಟಣದಲ್ಲಿ ಕ್ಷೇತ್ರವನ್ನು ನಡೆಸಿತು. ತಾಯಿಚಿಟ್ಟೆಯ ಪರೀಕ್ಷೆಯೂ, ಪರದೇಶದ ತಳಿಗಳೊಡನೆ ಮಿಶ್ರಣವೂ ಕ್ರಮವಾಗಿ ರೂಢಿಗೆ ಬಂದುವು.

ಮಿಶ್ರಣದ ತತ್ತ್ವವನ್ನು ಶಾಸ್ತ್ರೀಯವಾಗಿ ಎತ್ತಿಹಿಡಿದವನೂ ತೊಯಾಮಾ. ೧೯೦೬ರಲ್ಲಿ ಅವನು ಸಯಾಮಿನ ಹಳದಿ ಗೂಡಿನ ಹುಳುವನ್ನೂ ಜಪಾನಿನ ಬಿಳಿ ಗೂಡಿನ ಹುಳುವನ್ನೂ ಕೂಡಿಸಿದ ಪರೀಕ್ಷೆಗಳಿಂದ ಮೆಂಡಲನ ನಿಯಮಗಳು ರೇಷ್ಮೆಹುಳುವಿಗೂ ಸಲ್ಲುವುವೆಂದು ಸ್ಥಾಪಿಸಿದನು. ಮೊದಲ ಪೀಳಿಗೆಯ ಗೂಡುಗಳೆಲ್ಲ ಹಳದಿ. ಎರಡನೆಯದರಲ್ಲಿ ಮೂರು ಪಾಲು ಹಳದಿ, ಒಂದು ಪಾಲು ಬಿಳಿ. ಮೊದಲ ಪೀಳಿಗೆಯ ಮಿಶ್ರಹುಳು ತಂದೆತಾಯಿಗಳಿಬ್ಬರಿಗಿಂತಲೂ ದೃಢವಾಗಿರುವುದೆಂದು ಕಂಡು ಅದನ್ನೇ ಸಾಕಣೆಗೆ ಬಳಸಬೇಕೆಂದು ಅವನು ಬೋಧಿಸಿದನು.

ಮೈಸೂರಿನಲ್ಲಿ ನೆಲೆನಿಂತ ಮಿಶ್ರಣವು ತಾಯಿ ಮೈಸೂರಿನವಳು, ತಂದೆ ಪರದೇಶದವನು ಎಂಬ ಕ್ರಮದ್ದು. ತಾಯಿಯು ಮೈಸೂರಿನವಳಾದುದರಿಂದ ಮೊಟ್ಟೆಗೆ ನಿದ್ದೆಯಿಲ್ಲ. ತಂದೆಯ ಕಡೆಯಿಂದ ಎಳೆಯ ಉದ್ದವೂ ಗೂಡಿನ ತೂಕವೂ ಬರುವುವು. ಸಹನಶಕ್ತಿಗೆ ಮೈಸೂರಿನ ರಕ್ತವಿದೆ. ಕೆಂಗೇರಿಯಲ್ಲಿ ಹೊಸ ಕುಲವು ಹಳೆಯದರ ಸ್ಥಾನವನ್ನು ಹಿಡಿಯಬೇಕೆಂದಿದ್ದ ಕಡೆ, ಹಳೆಯದು ಹೊಸದರ ತಾಯಿಯಾಗಿ ನಿಂತಿತು. ರಾಮನಗರದ ಮಾರುಕಟ್ಟೆಗೆ ಬರುವ ಮಿಶ್ರತಳಿಯ ಹಳದಿ ಗೂಡುಗಳಲ್ಲಿ ಈ ತಾಯಿಯ ಬಣ್ಣವು ಇಂದಿಗೂ ಕಾಣುವುದು.

ಮೈಸೂರು ಹುಳುವಿಗೆ ಈ ಸಹನಶಕ್ತಿ ಹೇಗೆ ಬಂದಿತು? ಬಿಸಿಲನ್ನು ಸಹಿಸಿ ಸಹಿಸಿ ಅಭ್ಯಾಸವಾಗಿ, ಆ ಅಭ್ಯಾಸವೇ ಮಕ್ಕಳಿಗಿಳಿಯಿತೆಂಬುದು ಲೋಕದ ಊಹೆ. ಫ್ರಾನ್ಸಿನ ಲಮಾರ್ಕನು ೧೮೦೯ರಲ್ಲಿ ಇದನ್ನೇ ಸಿದ್ಧಾಂತವಾಗಿ ಹೇಳಿದನು. ಡಾರ್ವಿನನ ಮಾರ್ಗವು ಬೇರೆ: ಸಹಿಸಲಾರದವು ಸತ್ತುವು, ಹುಟ್ಟಿನಿಂದಲೇ ಸಹಿಸಬಲ್ಲವು ಉಳಿದು ಸಂತಾನವನ್ನು ಬಿಟ್ಟುವು, ನೂರಾರು ಪೀಳಿಗೆಗಳ ಸಾವಿನಿಂದ ಸೋಸಿ ಬಂದುದೇ ಕುಲದ ಬಲ. ಇವೆರಡರಲ್ಲಿ ಯಾವುದು ನಿಜವೆಂದು ಹುಳುಗಳ ಮನೆಯಲ್ಲಿ ತೀರ್ಮಾನಿಸುವುದು ಸುಲಭವಲ್ಲ. ಆ ತೀರ್ಮಾನಕ್ಕೆ ದಾರಿ ತೋರಿದುದು ಬ್ಯಾಕ್ಟೀರಿಯವೆಂಬ ಏಕಾಣುಜೀವಿ.

೭

ಬ್ಯಾಕ್ಟೀರಿಯಗಳಿಗೂ ರೋಗವುಂಟು. ಫೇಜ್ ಎಂಬ ವೈರಸ್ಸುಗಳು ಅವುಗಳೊಳಹೊಕ್ಕು, ಬೆಳೆದು, ಒಡೆದು ಕೊಲ್ಲುವುವು. ಕೋಟ್ಯಂತರ ಸತ್ತರೂ ಕೆಲವು ಉಳಿದು ಅವುಗಳ ಸಂತಾನವೆಲ್ಲ ಆ ಫೇಜಿಗೆ ಜಗ್ಗದೆ ಬೆಳೆಯುವುದುಂಟು. ಫೇಜನ್ನು ಎದುರಿಸಿದುದರಿಂದ ಈ ಬಲವು ಬಂದುದೇ, ಅದಕ್ಕೆ ಮೊದಲೇ ಇದ್ದುದೇ? ೧೯೪೩ರಲ್ಲಿ ಲುರಿಯಾ ಮತ್ತು ಡೆಲ್‌ಬ್ರುಕ್ ಎಂಬ ಪಂಡಿತರು ಬ್ಯಾಕ್ಟೀರಿಯವನ್ನು ಅನೇಕ ಚಿಕ್ಕ ನಳಿಗೆಗಳಲ್ಲಿ ಪ್ರತ್ಯೇಕವಾಗಿ ಬೆಳೆಸಿ ಒಂದೊಂದಕ್ಕೂ ಫೇಜನ್ನು ಬೆರೆಸಿದರು. ಎದುರಿಸಿದುದರಿಂದಲೇ ಬಲವು ಬರುವುದಾದರೆ ಎಲ್ಲ ನಳಿಗೆಗಳಲ್ಲಿಯೂ ಉಳಿದವುಗಳ ಸಂಖ್ಯೆ ಹೆಚ್ಚುಕಡಮೆ ಸಮನಾಗಿರಬೇಕು. ಕಂಡುದು ಹಾಗಲ್ಲ: ಹಲವು ನಳಿಗೆಗಳಲ್ಲಿ ಒಂದೂ ಇಲ್ಲ, ಕೆಲವದರಲ್ಲಿ ನೂರಾರು. ಆಕಸ್ಮಿಕವಾದ ಬದಲಾವಣೆಯು ಫೇಜು ಬರುವುದಕ್ಕೆ ಮುಂಚೆಯೇ ಆಗಿದ್ದು, ಬೇಗ ಆದ ಕಡೆ ಸಂತಾನವು ಹೆಚ್ಚಿತ್ತೆಂಬುದೇ ಇದರ ಅರ್ಥ. ಡಾರ್ವಿನನ ಪಕ್ಷವು ಗೆದ್ದಿತೆಂದು ವಿದ್ವತ್ಪ್ರಪಂಚವು ಭಾವಿಸಿತು. ಆ ಪರೀಕ್ಷೆಯ ಮಟ್ಟಿಗೆ ಅದು ಸರಿಯಾದ ಭಾವನೆಯೇ.

ಆದರೆ ಬ್ಯಾಕ್ಟೀರಿಯದ ಆಯುಧಶಾಲೆಯಲ್ಲಿ ಇನ್ನೂ ಕೆಲವು ಆಯುಧಗಳಿದ್ದುವು. ಪರಕೀಯ ಡಿ.ಎನ್.ಎ.ಯನ್ನು ಗುರುತಿಸಿ ಕತ್ತರಿಸುವ ಕಿಣ್ವಗಳು ೧೯೬೦ರ ದಶಕದಲ್ಲಿ ಬೆಳಕಿಗೆ ಬಂದುವು, ಸ್ವಂತ ಡಿ.ಎನ್.ಎ.ಯ ಮೇಲೆ ರಾಸಾಯನಿಕ ಮುದ್ರೆಯನ್ನೊತ್ತಿ ಬ್ಯಾಕ್ಟೀರಿಯವು ಅದನ್ನು ಕಾಪಾಡಿಕೊಳ್ಳುವುದು. ರಾಜಾಜಿನಗರಕ್ಕೆ ದೂರವಲ್ಲದ ಭಾರತೀಯ ವಿಜ್ಞಾನ ಮಂದಿರದಲ್ಲಿ ಡಿ. ಎನ್. ರಾವ್ ಮತ್ತು ವಿ. ನಾಗರಾಜ ಅವರು ಇಂತಹ ಕಿಣ್ವಗಳ ಕಾರ್ಯವಿಧಾನವನ್ನು ಕುರಿತು ದಶಕಗಳ ಕಾಲ ಸಂಶೋಧನೆ ನಡೆಸಿದ್ದಾರೆ. ಈ ಕಿಣ್ವಗಳು ಹುಟ್ಟಿನಿಂದಲೇ ಇರತಕ್ಕವು. ಹೊಸ ಶತ್ರುವನ್ನು ಕಂಡು ಅವು ಏನನ್ನೂ ಕಲಿಯವು.

ಕಲಿಯುವ ಆಯುಧವು ಕಂಡುದು ಆಮೇಲೆ. ೧೯೮೭ರಲ್ಲಿ ಜಪಾನಿನ ಇಶಿನೊ ಮತ್ತು ಅವರ ಸಂಗಡಿಗರು ಕರುಳಿನ ಒಂದು ಬ್ಯಾಕ್ಟೀರಿಯದ ಡಿ.ಎನ್.ಎ.ಯಲ್ಲಿ ಒಂದೇ ಪಾಠವು ಮತ್ತೆ ಮತ್ತೆ ಬರುವ, ನಡುನಡುವೆ ಭಿನ್ನ ತುಣುಕುಗಳಿರುವ ಭಾಗವೊಂದನ್ನು ಕಂಡರು. ನಡುವಿನ ತುಣುಕುಗಳು ಫೇಜುಗಳ ಡಿ.ಎನ್.ಎ.ಯನ್ನು ಹೋಲುವುವೆಂದು ೨೦೦೫ರಲ್ಲಿ ಸ್ಪೇನಿನ ಮೊಹಿಕಾ ಮೊದಲಾದವರು ತೋರಿಸಿದರು. ಕ್ರಿಸ್ಪರ್ ಎಂದು ಹೆಸರಾದ ಈ ಭಾಗದ ಉಪಯೋಗವನ್ನು ೨೦೦೭ರಲ್ಲಿ ಬರಾಂಗು, ಓರ್ವಾ ಮತ್ತು ಸಂಗಡಿಗರು ಮೊಸರಿನ ಹೆಪ್ಪಿಗೆ ಬಳಸುವ ಬ್ಯಾಕ್ಟೀರಿಯದಲ್ಲಿ ಪರೀಕ್ಷಿಸಿ ಸ್ಥಾಪಿಸಿದರು. ಫೇಜಿನ ದಾಳಿಯಿಂದ ಬದುಕಿದ ಜೀವಿಯು ಶತ್ರುವಿನ ಡಿ.ಎನ್.ಎ.ಯಿಂದ ಸುಮಾರು ೩೦ ಅಕ್ಷರಗಳ ತುಣುಕನ್ನು ಕತ್ತರಿಸಿ ತನ್ನ ಕುಲದ ಬರಹದೊಳಗೆ ಸೇರಿಸಿಕೊಂಡಿತ್ತು. ಅದೇ ಫೇಜು ಮತ್ತೆ ಬಂದರೆ ಆ ತುಣುಕಿನ ಪ್ರತಿಯು ಶತ್ರುವನ್ನು ಗುರುತಿಸಿಕೊಟ್ಟು ಕಿಣ್ವವು ಕತ್ತರಿಸುತ್ತಿತ್ತು. ಹೊಸ ತುಣುಕು ಸಾಲಿನ ಒಂದೇ ತುದಿಯಲ್ಲಿ ಸೇರುವುದರಿಂದ, ಹಳೆಯ ಕಡತದ ಹಾಳೆಗಳಂತೆ, ಯಾವ ಶತ್ರು ಮೊದಲು ಬಂದಿತು ಯಾವುದು ಆಮೇಲೆ ಎಂಬ ಚರಿತ್ರೆಯೂ ಅಲ್ಲಿ ಕ್ರಮವಾಗಿ ಉಳಿಯುವುದು. ಜೀವಿಯು ಇಬ್ಭಾಗವಾದಾಗ ಎರಡು ಮಗಳುಜೀವಿಗಳಿಗೂ ಈ ಬರಹವು ಹಾಗೆಯೇ ಇಳಿಯುವುದು.

ತಾಯಿಯು ಬಾಳಿನಲ್ಲಿ ಗಳಿಸಿದುದು ಮಗಳಿಗೆ ಕುಲದ ಗುಣವಾಗಿಯೇ ಬರುವ ನಾಲ್ಕನೆಯ ದಾರಿ ಇದು. ಇದನ್ನು ಲಮಾರ್ಕನ ರೀತಿಯ ವಿಕಾಸವೆಂದು ಕೂನಿನ್ ಮತ್ತು ವುಲ್ಫ್ ೨೦೦೯ರಲ್ಲಿ ವಾದಿಸಿದರು. ಆದರೂ ಡಾರ್ವಿನನ ಸೋಸುವಿಕೆಯು ಇಲ್ಲಿಯೂ ತಪ್ಪಿದುದಲ್ಲ. ದಾಳಿಯಲ್ಲಿ ಬಹುಸಂಖ್ಯಾತರು ಕಲಿಯುವುದಕ್ಕೆ ಮುಂಚೆ ಸಾಯುವರು. ತಪ್ಪಿ ತನ್ನದೇ ಡಿ.ಎನ್.ಎ.ಯ ತುಣುಕನ್ನು ಸೇರಿಸಿಕೊಂಡ ಜೀವಿಯು ತನ್ನ ಆಯುಧದಿಂದ ತಾನೇ ಹತವಾಗಬಹುದು. ಫೇಜು ಒಂದಕ್ಷರವನ್ನು ಬದಲಾಯಿಸಿಕೊಂಡು ತಪ್ಪಿಸಿಕೊಳ್ಳುವುದೂ ಉಂಟು. ಅಲ್ಲದೆ ಈ ದಾರಿಯು ರೇಷ್ಮೆಹುಳುವಿಗೆ ತೆರೆದಿಲ್ಲ. ಏಕಾಣುಜೀವಿಯಲ್ಲ‌ಿ ಕಲಿತ ದೇಹವೇ ಬೀಜವೂ ಆಗಿರುವುದು. ಹುಳುವಿನಲ್ಲಾದರೋ ಅನುಭವಿಸುವ ದೇಹವು ಬೇರೆ, ಮೊಟ್ಟೆಯಾಗುವ ಬೀಜವು ಬೇರೆ.

೮

ಬ್ಯಾಕ್ಟೀರಿಯದ ಈ ಆಯುಧವನ್ನು ಯಾವುದೇ ಜೀವಿಯ ಡಿ.ಎನ್.ಎ.ಯನ್ನು ಬೇಕಾದೆಡೆ ಕತ್ತರಿಸುವ ಸಾಧನವನ್ನಾಗಿ ತಿರುಗಿಸುವ ಮಾರ್ಗವನ್ನು ೨೦೧೨ರಲ್ಲಿ ತೋರಿಸಿದ ಶಾರ್ಪಾಂಟಿಯೇ ಮತ್ತು ಡೌಡ್ನ ಎಂಬ ವಿದುಷಿಯರಿಗೆ ೨೦೨೦ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಆ ಸಾಧನವು ಮರುವರ್ಷವೇ ರೇಷ್ಮೆಹುಳುವಿನ ಮೇಲೆಯೂ ಪ್ರಯೋಗವಾಯಿತು. ಹೈದರಾಬಾದಿನಲ್ಲಿ ಜೆ. ನಾಗರಾಜು ಅವರ ತಂಡವು ಬೇರೊಂದು ವಿಧಾನದಿಂದ, ಹಾಲುರೋಗವನ್ನುಂಟುಮಾಡುವ ವೈರಸ್ಸನ್ನು ತಡೆಯುವ ಶಕ್ತಿಯನ್ನು ಹುಳುವಿನ ಕುಲದೊಳಗೇ ಸೇರಿಸಿತು. ಅದರ ವಿವರವು ೨೦೧೩ರಲ್ಲಿ ಪ್ರಕಟವಾಯಿತು. ಹುಳುವು ತಾನಾಗಿ ಕಲಿಯಲಾರದುದನ್ನು ಮನುಷ್ಯನು ಅದರ ಬೀಜದಲ್ಲಿ ಬರೆಯುವ ಕಾಲ ಬಂದಿದೆ.

ಆದರೂ ಗಂಟುರೋಗಕ್ಕೆ ಇಂದಿಗೂ ಮುಖ್ಯ ರಕ್ಷಣೆ ಪಾಶ್ಚರನ ಪರೀಕ್ಷೆಯೇ. ಕರ್ನಾಟಕದಲ್ಲಿ ೧೯೫೯ರ ಕಾಯಿದೆಯು ಬಿತ್ತನೆಯ ಉತ್ಪಾದನೆಯನ್ನು ಸರ್ಕಾರದ ನಿಯಂತ್ರಣಕ್ಕೆ ತಂದಿತು. ಬಿತ್ತನೆ ಕೋಠಿಗಳಲ್ಲಿ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸವು ನಡೆದೇ ಇದೆ. ಮೈಸೂರು ತಳಿಯ ಬಿತ್ತನೆ ಗೂಡನ್ನು ಮಾಗಡಿ, ಕುಣಿಗಲು ಕಡೆಯ ರೈತರು ಬೆಳೆಯುತ್ತಾರೆ. ಈ ತಳಿಯ ಗೂಡು ಹಗುರ, ನೂಲು ಕಡಮೆ. ತೂಕದಿಂದ ಮಾತ್ರ ಬೆಲೆಕಟ್ಟಿದರೆ ಅದನ್ನು ಸಾಕುವವರೇ ಉಳಿಯಲಾರರು. ಆದರೆ ಅದು ಅಳಿದರೆ ಹಳದಿ ಮಿಶ್ರತಳಿಗೆ ತಾಯಿಯಿಲ್ಲ. ೨೦೦ ವರ್ಷಗಳಿಗೂ ಮಿಕ್ಕಿದ ಪೀಳಿಗೆಗಳ ಸಾವಿನಿಂದ ಸೋಸಿ ಬಂದ ಗುಣಗಳ ಮೊತ್ತವನ್ನು ಯಾವ ಪ್ರಯೋಗಶಾಲೆಯೂ ಒಂದೊಂದಾಗಿ ಎಣಿಸಿ ಮುಗಿಸಿಲ್ಲ. ಎಣಿಸದುದನ್ನು ಮರಳಿ ಬರೆಯುವುದೂ ಸಾಧ್ಯವಿಲ್ಲ.

ಕೆಂಗೇರಿಯು ಈಗ ಬೆಂಗಳೂರಿನೊಳಗೆ ಸೇರಿಹೋಗಿದೆ. ೨೦೨೧ರಲ್ಲಿ ಅಲ್ಲಿಗೆ ಮೆಟ್ರೋ ರೈಲೂ ಬಂದಿತು. ಡಿ ವೆಕ್ಕಿಯ ಯತ್ನವನ್ನು ಅವಿವೇಕವೆನ್ನುವುದು ನ್ಯಾಯವಲ್ಲ. ಅವನ ಕಾಲದ ಯೂರೋಪಿನ ವ್ಯಾಪಾರಿಗಳೂ ಅದೇ ಮದ್ದನ್ನು ಅರಸಿದ್ದರು. ರೋಗವು ತಾಯಿಯನ್ನು ಹೊಕ್ಕು ಬರುವುದು, ಹವೆಯ ಗುರುತು ಒಂದು ಪೀಳಿಗೆಗೆ ಬಂದು ಅಳಿಯುವುದು, ಕುಲದ ಗುಣವು ತಂದೆತಾಯಿಗಳಿಬ್ಬರಿಂದ ಬಂದು ನಿಲ್ಲುವುದು. ಮೊದಲನೆಯದಕ್ಕೆ ಸೂಕ್ಷ್ಮದರ್ಶಕವೂ, ಎರಡನೆಯದಕ್ಕೆ ಶೀತಗೃಹವೂ, ಮೂರನೆಯದಕ್ಕೆ ತಳಿಯ ಸಂರಕ್ಷಣೆಯೂ ತಕ್ಕ ಉಪಾಯಗಳು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಅದರ ನಷ್ಟವು ಹಿಪ್ಪುನೇರಳೆಯ ತೋಟವಿಟ್ಟುಕೊಂಡ ಒಕ್ಕಲಿನವರ ಮೇಲೆಯೇ ಬೀಳುವುದು.